ಸೆರಗಿನಿಂದ ಒರೆಸಿದ ಚಿತ್ರ

ಆ ದಿನ ನಾನು ಮಾಡಿದ ಕೆಲಸಗಳು ಇವು. ಐದಕ್ಕೆ ಎದ್ದು ಬಾಗಿಲಿಗೆ ನೀರು ಹಾಕಿ ಪುಟ್ಟದೊಂದು ರಂಗೋಲಿ ಬಿಟ್ಟೆ. ಬಿಸಿನೀರು ಕಾಯಿಸಿ ಯಜಮಾನರ ಮೈ ಒರೆಸಿದೆ, ಬೆನ್ನಿನ ಹುಣ್ಣಿಗೆ ಮುಲಾಮು ಹಚ್ಚಿ ಎಡಮಗ್ಗುಲಿಗೆ ತಿರುಗಿಸಿ ಮಲಗಿಸಿದೆ. ಹಾಸಿಗೆ ಬಟ್ಟೆ ಒಗೆದು ಮಹಡಿಯ ಮೇಲೆ ಹರವಿದೆ. ರಾಗಿ ಗಂಜಿ ಆರಿಸಿ ಚಮಚದಲ್ಲಿ ಕುಡಿಸಿದೆ, ಮುಕ್ಕಾಲು ಗಂಟೆ ಹಿಡಿಯಿತು. ಹಿಂದಿನ ರಾತ್ರಿ ನೆನೆಹಾಕಿದ್ದ ಅವರೆಕಾಳನ್ನು ಬಸಿದು ಬುಟ್ಟಿಗೆ ಹಾಕಿದೆ. ಟ್ಯಾಬನ್ನು ಗೋಡೆಯ ಗೂಡಿನಲ್ಲಿಟ್ಟು ಚಾರ್ಜಿಗೆ ಹಾಕಿದೆ. ಪಕ್ಕದ ಮನೆಯ ಷಾಹೀನಳನ್ನು ಕರೆದು ಅವರ ಹತ್ತಿರ ಕೂರಿಸಿ, ಚಿಂತಾಮಣಿಗೆ ಔಷಧಿ ತರಲು ಹೋಗುತ್ತೇನೆಂದು ಸುಳ್ಳು ಹೇಳಿ, ಒಂಬತ್ತೂವರೆಯ ಬಸ್ಸು ಹತ್ತಿದೆ.

ಇದನ್ನು ನೆನಪಿನಿಂದ ಬರೆಯುತ್ತಿಲ್ಲ. ಕ್ಯಾಲೆಂಡರಿನ ಹರಿದ ಹಾಳೆಗಳ ಬೆನ್ನಿನಲ್ಲಿ ದಿನದ ಕೆಲಸ ಬರೆದಿಡುವ ಅಭ್ಯಾಸ ಮದುವೆಯಾದ ಹೊಸದರಿಂದಲೂ ನನಗಿದೆ. ಏನು ಮಾಡಿದೆ, ಯಾರು ಬಂದರು, ರಾತ್ರಿಗೆ ಏನು ಅಡುಗೆ, ಯಾರು ಮೊದಲು ಮಲಗಿದರು. ಇಷ್ಟೇ. ಸುಳ್ಳು ಹೇಳಿದ್ದನ್ನು ಮಾತ್ರ ಆ ಹಾಳೆಯಲ್ಲಿ ಬರೆದಿರಲಿಲ್ಲ. ಈಗ ಬರೆಯುತ್ತಿದ್ದೇನೆ.

ದೆವ್ವ, ಗಾಳಿ, ಕಣ್ಕಟ್ಟು ಇವುಗಳಲ್ಲಿ ನನಗೆ ಎಂದೂ ನಂಬಿಕೆ ಇರಲಿಲ್ಲ. ನಮ್ಮ ಶಿಡ್ಲಘಟ್ಟದಲ್ಲಿ ಇಂಥ ಕಥೆಗಳಿಗೆ ಬರವಿಲ್ಲ. ರೇಷ್ಮೆಗೂಡು ಬೇಯಿಸುವ ಯಾವುದೋ ಹಳೆಯ ಷೆಡ್ಡಿನಲ್ಲಿ ರಾಟೆ ತಾನಾಗಿಯೇ ತಿರುಗುತ್ತದೆ ಎಂದು ಯಾರಾದರೂ ಹೇಳಿದರೆ, "ಹಾಗಾದ್ರೆ ಕೂಲಿ ಉಳೀತಲ್ಲಪ್ಪ" ಎಂದು ನಗುತ್ತಿದ್ದವಳು ನಾನು. ಆದ್ದರಿಂದ ನೀವು ಇದನ್ನು ಓದಿ ನಕ್ಕರೆ ನನಗೆ ಬೇಸರವಿಲ್ಲ. ನಾನೂ ನಗುತ್ತಿದ್ದೆ.

ನಮ್ಮ ಯಜಮಾನರು ಮೇಲೂರಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದರು. ಮನೆಯ ನಡುಮನೆಯಲ್ಲೂ ಒಂದು ಗೋಡೆಗೆ ಕಪ್ಪು ಬಣ್ಣ ಬಳಿಸಿ ಬೋರ್ಡು ಮಾಡಿಕೊಂಡಿದ್ದರು. ಸಂಜೆ ಬಂದು ಕಾಫಿ ಕುಡಿದು ಅದರ ಮುಂದೆ ನಿಂತರೆ, ಅವತ್ತು ದಾರಿಯಲ್ಲಿ ಕಂಡವರೆಲ್ಲ ಗೋಡೆಯ ಮೇಲೆ ಬರುತ್ತಿದ್ದರು. ಸೊಪ್ಪಿನ ಹೊರೆ ಹೊತ್ತವಳು, ಸೈಕಲ್ಲಿನಲ್ಲಿ ಗೂಡಿನ ಮೂಟೆ ಕಟ್ಟಿಕೊಂಡು ಹೋಗುವವನು. ಎಲ್ಲರಂತೆ ಅವರು ತಲೆಯಿಂದ ಶುರು ಮಾಡುತ್ತಿರಲಿಲ್ಲ. ಮೊದಲು ನೆಲದ ಮೇಲೆ ಬೀಳುವ ನೆರಳು, ಆಮೇಲೆ ಪಾದ, ಅಲ್ಲಿಂದ ಸೀಮೆಸುಣ್ಣ ಎತ್ತದೆ ಒಂದೇ ಗೆರೆಯಲ್ಲಿ ಮೇಲಕ್ಕೆ. ಮುಖ ಕೊನೆಗೆ, ಎಷ್ಟೋ ಸಲ ಮುಖವೇ ಇರುತ್ತಿರಲಿಲ್ಲ. "ನೆರಳು ಹಾಕದೆ ಇದ್ರೆ ಮನುಷ್ಯ ತೇಲ್ತಾನೆ ಕಣೇ. ಮೊದಲು ಅವನನ್ನ ನೆಲಕ್ಕೆ ಇಳಿಸ್ಬೇಕು" ಅನ್ನುತ್ತಿದ್ದರು. ರಾತ್ರಿ ಪಾತ್ರೆ ತೊಳೆದು ಬಂದು ಒದ್ದೆ ಸೆರಗಿನಿಂದ ಆ ಗೋಡೆ ಒರೆಸುವುದು ನನ್ನ ಕೆಲಸ. ಮರುದಿನಕ್ಕೆ ಗೋಡೆ ಖಾಲಿ ಇರಬೇಕಲ್ಲ. ಇಪ್ಪತ್ತೇಳು ವರ್ಷ ಒರೆಸಿದ್ದೇನೆ. ಒಂದನ್ನಾದರೂ ಉಳಿಸಿಕೊಳ್ಳಬೇಕು ಎಂದು ಅವರಿಗೂ ಅನ್ನಿಸಲಿಲ್ಲ, ನನಗೂ ಅನ್ನಿಸಲಿಲ್ಲ.

ಐವತ್ತೈದನೆಯ ವಯಸ್ಸಿನಲ್ಲಿ ಅವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಎರಡೂ ಹೋದವು. ಮಾತೂ ಹೋಯಿತು. ಏನು ಕೇಳಿದರೂ "ಬ... ಬ..." ಎನ್ನುವರು. ಕಣ್ಣು ಮಾತ್ರ ಮೊದಲಿನ ಹಾಗೇ ಇತ್ತು, ಎಲ್ಲವನ್ನೂ ನೋಡುತ್ತಿತ್ತು. ಎಡಗೈಗೆ ಪೆನ್ಸಿಲು ಕೊಟ್ಟರೆ ಬೆರಳಿನಿಂದ ಜಾರುತ್ತಿತ್ತು, ಕಾಗದ ಸರಿದು ಹೋಗುತ್ತಿತ್ತು. ಗೌರಿಬಿದನೂರಿಗೆ ಕೊಟ್ಟಿರುವ ನಮ್ಮ ಮಗಳು ಚೈತ್ರ ಒಂದು ಭಾನುವಾರ ತನ್ನ ಹಳೆಯ ಟ್ಯಾಬು ತಂದಳು. ಅದರಲ್ಲಿ ಚಿತ್ರ ಬಿಡಿಸುವ ಒಂದು ಆ್ಯಪ್ ಹಾಕಿ, ಅಪ್ಪನ ಹೊಟ್ಟೆಯ ಮೇಲೆ ದಿಂಬಿಟ್ಟು ಅದರ ಮೇಲೆ ಟ್ಯಾಬು ಇಟ್ಟು, "ಬೆರಳಲ್ಲೇ ಬರಿಯಪ್ಪ, ಭಾರ ಬಿಡೋದು ಬೇಡ, ಮುಟ್ಟಿದ್ರೆ ಸಾಕು" ಎಂದಳು.

ಮೊದಲ ವಾರ ಬರೀ ಗೀಟು. ಎರಡನೆಯ ವಾರ ಒಂದು ದೊಡ್ಡ ಸೊಟ್ಟ ಗುಂಡು ಬಿಡಿಸಿ, ಅದಕ್ಕೆ ಮುಂದೊಂದು ಉದ್ದ ಸೊಂಡಿಲು ಹಾಕಿದರು. ಆನೆ ಅಂದುಕೊಂಡೆ. ಆನೆ ಎಂದರೆ ಬಾಳೆಹಣ್ಣು ಇರಬೇಕು ಎಂದು ಹಣ್ಣು ಸುಲಿದು ಬಾಯಿಗಿಟ್ಟೆ. ಅವರು ಬಾಯಿ ಬಿಗಿಹಿಡಿದು ತಲೆ ಆಡಿಸಿದರು. ಮೇಕೆಗೆ ಹಾಕಲು ಅವರೆಸಿಪ್ಪೆ ಕೇಳಿಕೊಂಡು ಬಂದಿದ್ದ ಷಾಹೀನ ಬಗ್ಗಿ ನೋಡಿದಳು. ಅವಳ ಗಂಡನದು ರೇಷ್ಮೆ ನೂಲು ಬಿಚ್ಚುವ ಕೆಲಸ. ಅವಳ ಕೈಯಲ್ಲಿ ಯಾವಾಗಲೂ ಬೇಯಿಸಿದ ಗೂಡಿನ ವಾಸನೆ, ಬಾಯಲ್ಲಿ ಯಾವಾಗಲೂ ಒಂದು ಮಾತು.

"ಆನೆ ಅಲ್ಲ ಅಕ್ಕಾ, ಟೀ ಕೆಟ್ಲು. ಮೇಷ್ಟ್ರು ಟೀ ಕೇಳ್ತಾವ್ರೆ. ಇಷ್ಟು ವರ್ಷ ಸಂಸಾರ ಮಾಡಿದೀರ, ಗಂಡಂಗೆ ಟೀ ಬೇಕೋ ಬಾಳೆಹಣ್ಣು ಬೇಕೋ ಗೊತ್ತಾಗಲ್ವಾ?"

ಅವರು ಅರ್ಧ ಬಾಯಲ್ಲಿ ನಕ್ಕರು. ಲಕ್ವ ಹೊಡೆದ ಮೇಲೆ ಅದೇ ಮೊದಲ ನಗು. ಟೀ ಮಾಡಿಕೊಟ್ಟೆ. ಕುಡಿಯುತ್ತ ಅವರಿಗೆ ಕಣ್ಣೀರು ಬಂತು, ನನಗೂ ಬಂತು. ಅಲ್ಲಿಂದ ಮುಂದೆ ಅವರ ನಾಲಿಗೆ ಎಂದರೆ ಆ ಟ್ಯಾಬೇ. ಫ್ಯಾನು, ಚೊಂಬು, ಕಿಟಕಿ, ತಿರುಗಿಸಿ ಮಲಗಿಸು ಎನ್ನಲು ಒಂದು ಬಾಗಿದ ಬಾಣ. ಗೆರೆಗಳೆಲ್ಲ ಇರುವೆ ನಡೆದ ಹಾಗೆ ನಡುಗುತ್ತಿದ್ದವು. ಇದು ಅವರ ಚಿತ್ರವಲ್ಲ, ಎಡಗೈಯ ಅಳು ಅಷ್ಟೇ ಎಂದು ನನಗೆ ಗೊತ್ತಿತ್ತು. ಆದರೂ ಅದಿಲ್ಲದೆ ಹೋದರೆ ಅವರಿಗೂ ನನಗೂ ನಡುವೆ ಇನ್ನೇನೂ ಉಳಿಯುತ್ತಿರಲಿಲ್ಲ. ಇದನ್ನು ಮರೆಯಬೇಡಿ. ಮುಂದೆ ಹೇಳುವುದೆಲ್ಲ ಇದರ ಮೇಲೇ ನಿಂತಿದೆ.

ಹೀಗೆ ಹದಿನಾಲ್ಕು ತಿಂಗಳು ಕಳೆದವು. ಎತ್ತಿ ಕೂರಿಸಿ ಎತ್ತಿ ಮಲಗಿಸಿ ನನ್ನ ಎಡಭುಜ ಇಳಿದುಹೋಗಿತ್ತು. ಅವರ ಬೆನ್ನಿನಲ್ಲಿ ಹುಣ್ಣಾಯಿತು. ಚಿಕ್ಕಬಳ್ಳಾಪುರದ ಡಾಕ್ಟರು ನೋಡಿ, "ಇನ್ನು ಸುಧಾರಿಸೋದು ಕಷ್ಟಮ್ಮ. ಹೀಗೇ ಇರ್ತಾರೆ. ಎಷ್ಟು ದಿನ ಅಂತ ಹೇಳಕ್ಕಾಗಲ್ಲ" ಎಂದರು. ಆ ಮಾತು ಕೇಳಿದ ವಾರವೇ ನಾನು ಬಸ್ಸು ಹತ್ತಿದ್ದು.

ಚಿಂತಾಮಣಿಯಲ್ಲಿ ಇಳಿದು ಬಸ್ಸು ಬದಲಾಯಿಸಿ ಕೈವಾರಕ್ಕೆ ಹೋದೆ. ಮದುವೆಯಾದ ವರ್ಷ ಇಬ್ಬರೂ ಒಟ್ಟಿಗೆ ಹೋಗಿದ್ದ ಊರು. ಆದರೆ ದೇವಸ್ಥಾನದ ಬಾಗಿಲ ತನಕ ಹೋದವಳಿಗೆ ಒಳಗೆ ಕಾಲಿಡಲು ಆಗಲಿಲ್ಲ. ಕೇಳಬೇಕೆಂದು ಬಂದಿದ್ದ ವರ ಅಂಥದು. ಬೆಟ್ಟದ ಕಡೆ ಹೋಗುವ ದಾರಿಯಲ್ಲಿ ಸ್ವಲ್ಪ ದೂರ ನಡೆದು, ಒಂದು ಹುಣಸೆಮರದ ಕೆಳಗೆ ಬಿದ್ದಿದ್ದ ಚಪ್ಪಡಿಯ ಮೇಲೆ ಕೂತೆ. ಬುತ್ತಿಯ ಚೀಲವನ್ನು ಪಕ್ಕದಲ್ಲಿಟ್ಟೆ. ಅದರ ಒಂದು ಹಿಡಿ ಕಿತ್ತುಹೋಗಿ ಗಂಟು ಹಾಕಿದ್ದೆ. ಎಡಗಾಲು ಊದಿದ್ದರಿಂದ ಆ ಕಾಲಿನ ಚಪ್ಪಲಿ ಬಿಟ್ಟೆ. ಸುತ್ತಮುತ್ತ ಯಾರೂ ಇರಲಿಲ್ಲ. ನಾನು ಮೂರು ನಾಲ್ಕು ಸಲ ತಿರುಗಿ ನೋಡಿಯೇ ಖಾತ್ರಿ ಮಾಡಿಕೊಂಡೆ, ಏಕೆಂದರೆ ಆಡಬೇಕಾದ ಮಾತು ಯಾರ ಕಿವಿಗೂ ಬೀಳಬಾರದಿತ್ತು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ತವರಿನ ತೆಲುಗಿನಲ್ಲೇ ಬಾಯಿಗೆ ಬಂತು: "ತೀಸ್ಕುಪೋ ಸ್ವಾಮಿ, ಇಂಕ ಚಾಲು." ನನ್ನ ಕೈಲಿ ಆಗುತ್ತಿಲ್ಲ, ಇವರನ್ನು ಕರೆದುಕೊಂಡುಬಿಡು, ಇನ್ನು ಸಾಕು ಎಂದು ಬೇಡಿಕೊಂಡೆ. ಬಾಯಿತಪ್ಪಿ ಬಂದ ಮಾತಲ್ಲ. ಎರಡು ಸಲ ಹೇಳಿದೆ.

ಬುತ್ತಿ ಬಿಚ್ಚಲಿಲ್ಲ. ಬಂದ ದಾರಿಯಲ್ಲೇ ಹೊರಟೆ. ಮನೆ ಸೇರುವಾಗ ನಾಲ್ಕೂವರೆ. ಹೊರಗೆ ಇನ್ನೂ ಚೆನ್ನಾಗಿ ಬಿಸಿಲಿತ್ತು. ಷಾಹೀನ ಮಂಚದ ಪಕ್ಕ ಕೂತು ಬುಟ್ಟಿ ತುಂಬ ಅವರೆಕಾಳು ಹಿದುಕಿ ಮುಗಿಸಿದ್ದಳು. ಅವರು ನಿದ್ದೆ ಮಾಡುತ್ತಿದ್ದರು.

"ಬೆಳಗಿಂದ ಒಂದೇ ಸಮ ಮಲಗವ್ರೆ ಅಕ್ಕ. ಗಂಜಿಗೂ ಏಳಲಿಲ್ಲ. ಎಬ್ಬಿಸಿದ್ರೂ ಕಣ್ಣು ಬಿಡಲಿಲ್ಲ, ಹೆದರ್ಕೊಂಬಿಟ್ಟೆ. ಮೂಗಿನ ಹತ್ರ ಕೈ ಇಟ್ಟು ನೋಡ್ದೆ."

"ಟ್ಯಾಬು ಕೊಟ್ಟಿದ್ಯೇನೇ ಅವರಿಗೆ?"

"ಇಲ್ಲಪ್ಪ. ನೀವು ಇಟ್ಟಲ್ಲೇ ಐತೆ. ಅದಕ್ಕೆ ನಾನು ಕೈ ಹಾಕಲ್ಲ, ಏನಾದ್ರೂ ಒತ್ತಿ ಏನಾದ್ರೂ ಆದ್ರೆ ನಿಮ್ಮ ಮಗಳು ನನ್ನ ಸುಮ್ನೆ ಬಿಡ್ತಾಳಾ? ಇರಿ, ಟೀ ತರ್ತೀನಿ" ಎಂದು ಅವಳು ತನ್ನ ಮನೆಗೆ ಹೋದಳು.

ಬಚ್ಚಲಿಗೆ ಹೋಗಿ ಕೈಕಾಲು ಮುಖ ತೊಳೆದು ಸೆರಗಿನಲ್ಲೇ ಒರೆಸಿಕೊಂಡೆ. ಬಂದು ನೋಡಿದರೆ ಅವರು ಕಣ್ಣು ಬಿಟ್ಟಿದ್ದರು. ಏನಾದರೂ ಬೇಕಿರಬಹುದು ಎಂದು ಗೂಡಿನಿಂದ ಟ್ಯಾಬು ತೆಗೆದೆ. ಚಾರ್ಜಿನ ವಯರು ಬೆಳಿಗ್ಗೆ ಸಿಕ್ಕಿಸಿದಂತೆಯೇ ಸಿಕ್ಕಿಕೊಂಡಿತ್ತು. ಆ ಗೂಡು ಮಂಚಕ್ಕೆ ಆರೇಳು ಅಡಿ ದೂರ, ನನ್ನ ಎದೆಯ ಎತ್ತರ. ಮಂಚದ ಅಂಚಿನಲ್ಲಿ ಕೂತು, ಇಬ್ಬರಿಗೂ ಕಾಣುವಂತೆ ಟ್ಯಾಬನ್ನು ತೊಡೆಯ ಮೇಲಿಟ್ಟುಕೊಂಡು ಚಿತ್ರದ ಆ್ಯಪ್ ತೆರೆದೆ.

ಬಿಳಿಯ ಪುಟದಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಬೆನ್ನು ನಮ್ಮ ಕಡೆಗೆ. ಕೆಳಗೆ ನೆರಳು ಹಾಕಿತ್ತು. ಎಡಭುಜ ಇಳಿದಿತ್ತು. ತಲೆ ಬಗ್ಗಿತ್ತು, ಮೊಣಕೈ ಮೇಲೆದ್ದಿತ್ತು, ಬಾಯಿಗೆ ಏನೋ ಒತ್ತಿಕೊಂಡವರ ಹಾಗೆ. ಪಕ್ಕದಲ್ಲಿ ಒಂದು ಚೀಲ, ಅದರ ಹಿಡಿಗೆ ಗಂಟು. ಒಂದು ಕಾಲಿಗೆ ಚಪ್ಪಲಿ ಇತ್ತು, ಇನ್ನೊಂದು ಚಪ್ಪಲಿ ಕಲ್ಲಿನ ಕೆಳಗೆ ಮಗುಚಿ ಬಿದ್ದಿತ್ತು. ಬದಿಯಲ್ಲಿ ಮರದ ಬೊಡ್ಡೆ. ಸೀರೆಯ ಹಿಂಭಾಗದಲ್ಲಿ, ಅಂಚಿನ ಮೇಲೆ, ಸಾಲಾಗಿ ಏಳೆಂಟು ಸಣ್ಣ ಸಣ್ಣ ಗೀಟುಗಳಿದ್ದವು. ಅವು ಏನೆಂದು ಮಾತ್ರ ತಿಳಿಯಲಿಲ್ಲ.

ಗೆರೆ ನಡುಗಿರಲಿಲ್ಲ. ಪಾದದಿಂದ ಹೊರಟು ಎಲ್ಲೂ ಕಡಿಯದೆ ಬೆನ್ನ ಮೇಲೆ ಹತ್ತಿ ತುರುಬು ಸುತ್ತಿ ಇಳಿದಿತ್ತು. ಆ ಗೆರೆಯನ್ನು ನಾನು ಇಪ್ಪತ್ತೇಳು ವರ್ಷ ಒರೆಸಿದವಳು. ಕತ್ತಲಲ್ಲಿ ಕೈಯಾಡಿಸಿ ಗುರುತು ಹಿಡಿಯಬಲ್ಲೆ. ಅದು ಅವರ ಬಲಗೈಯ ಗೆರೆ. ಅವರ ಬಲಗೈ ನನ್ನ ಪಕ್ಕದಲ್ಲೇ, ಬೆಳಿಗ್ಗೆ ನಾನು ಇಟ್ಟ ದಿಂಬಿನ ಮೇಲೆ, ಬೆರಳು ಮಡಿಸಿಕೊಂಡು ಬಿದ್ದಿತ್ತು.

ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ. ಹೆದರಿಕೆ ಆಗಲಿಲ್ಲ. ಆದದ್ದು ನಾಚಿಕೆ. ಇವರಿಗೆ ಗೊತ್ತು, ನಾನು ಎಲ್ಲಿಗೆ ಹೋಗಿದ್ದೆ, ಅಲ್ಲಿ ಕೂತು ಏನು ಕೇಳಿದೆ ಎಲ್ಲವೂ ಗೊತ್ತು ಎನ್ನಿಸಿತು. ಅಷ್ಟರಲ್ಲಿ ಹೊರಗೆ ಷಾಹೀನಳ ಚಪ್ಪಲಿ ಸದ್ದು. "ಅಕ್ಕಾ, ಟೀ ಬಿಸಿ ಐತೆ, ಬಾಗ್ಲು ತೆಗೀರಿ" ಎಂದಳು. ಅವಳು ನೋಡಿಬಿಡುತ್ತಾಳೆ ಎನ್ನುವುದೊಂದೇ ನನ್ನ ತಲೆಯಲ್ಲಿದ್ದದ್ದು. ಟ್ಯಾಬನ್ನು ಮಗುಚಿ ಇಡಬಹುದಿತ್ತು. ಪಕ್ಕದ ಗುಂಡಿ ಒತ್ತಿ ಆರಿಸಬಹುದಿತ್ತು. ನನ್ನ ಕೈ ಅದಾವುದನ್ನೂ ಮಾಡಲಿಲ್ಲ. ಅದಕ್ಕೆ ಅಭ್ಯಾಸವಾದದ್ದನ್ನು ಮಾಡಿತು. ಒದ್ದೆ ಸೆರಗು ಹಿಡಿದು ಒರೆಸಿತು.

ಗೋಡೆಯಾಗಿದ್ದರೆ ಅಳಿಸಿಹೋಗುತ್ತಿತ್ತು. ಇದು ಗಾಜು. ಒದ್ದೆ ಬಟ್ಟೆ ಮುಟ್ಟಿದಲ್ಲೆಲ್ಲ ಕಪ್ಪು ಗೆರೆ ಎಳೆಯಿತು. ಅಳಿಯಲಿಲ್ಲವಲ್ಲ ಎಂದು ಇನ್ನಷ್ಟು ಒತ್ತಿ ಒರೆಸಿದೆ. ಗೆರೆಯ ಮೇಲೆ ಗೆರೆ ಬಿದ್ದು ಆ ಹೆಂಗಸು, ಚೀಲ, ಮರ ಎಲ್ಲ ಮುಚ್ಚಿಹೋಗಿ, ಕೊನೆಗೆ ಪುಟವೆಲ್ಲ ಮುಳ್ಳುಪೊದೆಯ ಹಾಗಾಯಿತು. ಆಗ ತಲೆ ಎತ್ತಿದೆ. ಅವರು ನೋಡುತ್ತಿದ್ದರು. ನನ್ನ ಮುಖವನ್ನಲ್ಲ, ಕೈಯನ್ನು, ಕೈಯಲ್ಲಿದ್ದ ಸೆರಗನ್ನು. ಕೋಪ ಇರಲಿಲ್ಲ ಆ ಕಣ್ಣಿನಲ್ಲಿ. ಇದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ತಾವು ಬಿಡಿಸಿ ಮುಗಿಸಿದ ಮೇಲೆ ನಾನು ಬಂದು ಗೋಡೆ ಒರೆಸುವುದನ್ನು ಹಿಂದೆ ದಿನಾ ನೋಡುತ್ತಿದ್ದರಲ್ಲ, ಹಾಗೇ ನೋಡುತ್ತಿದ್ದರು.

ಷಾಹೀನ ಕಾಲಿನಿಂದ ಬಾಗಿಲು ತಳ್ಳಿ ಬಂದು ಲೋಟ ಕೆಳಗಿಟ್ಟಳು. ನಾನು ಎದ್ದು ಟ್ಯಾಬನ್ನು ಗೂಡಿಗೆ ಸೇರಿಸುತ್ತಿದ್ದಾಗ ಹಿಂದಿನಿಂದ ನಕ್ಕಳು.

"ಏನಕ್ಕಾ ಇದು, ಸೀರೆ ಹಿಂದುಗಡೆ ಎಲ್ಲ ಉತ್ತರಾಣಿ ಹತ್ತವೆ! ಚಿಂತಾಮಣಿ ಔಷಧಿ ಅಂಗಡೀಲಿ ಉತ್ತರಾಣಿ ಬೆಳೀತಾವ್ರಾ?"

ಸೀರೆ ಮುಂದಕ್ಕೆ ಎಳೆದುಕೊಂಡು ನೋಡಿದೆ. ಅಂಚಿನ ಮೇಲೆ ಸಾಲಾಗಿ ಉತ್ತರಾಣಿಯ ಮುಳ್ಳುಕಾಳುಗಳು ಅಂಟಿದ್ದವು. ಆ ಚಪ್ಪಡಿಯ ಹಿಂದೆ ಅದರ ಗಿಡ ಇದ್ದಿರಬೇಕು, ನಾನು ಗಮನಿಸಿರಲಿಲ್ಲ. ಎಣಿಸಿದೆ. ಎಂಟು. ಚಿತ್ರದಲ್ಲಿದ್ದ ಗೀಟುಗಳನ್ನು ಎಣಿಸಿರಲಿಲ್ಲ. ಏಳೋ ಎಂಟೋ ಎಂದು ಈಗ ಯಾರನ್ನು ಕೇಳಲಿ?

ಭಾನುವಾರ ಚೈತ್ರ ಬಂದಳು. ಅವಳಿಗೆ ಕೈವಾರದ ವಿಷಯ ಹೇಳಲಿಲ್ಲ. ಅಪ್ಪ ಒಂದು ಒಳ್ಳೆಯ ಚಿತ್ರ ಬಿಡಿಸಿದ್ದರು, ಗೊತ್ತಾಗದೆ ಸೆರಗಿನಿಂದ ಒರೆಸಿ ಕೆಡಿಸಿದೆ, ವಾಪಸ್ಸು ಬರುತ್ತದೆಯೇ ನೋಡು ಎಂದೆ. ಅವಳ ಮುಖ ಅರಳಿತು. "ಬರತ್ತಮ್ಮ, ಬಿಡಿಸಿದ್ದನ್ನೆಲ್ಲ ಇದು ಮೊದಲಿಂದ ತೋರ್ಸತ್ತೆ, ಸಿನಿಮಾ ಥರ. ಯಾವ ಗೆರೆ ಮೊದ್ಲು, ಯಾವ್ದು ಆಮೇಲೆ ಅಂತ" ಎಂದು ಎಲ್ಲೋ ಒತ್ತಿದಳು. ಇಬ್ಬರೂ ಬಗ್ಗಿ ನೋಡಿದೆವು. ಬಿಳಿಯ ಪುಟ ಬಂತು. ಅದರ ಮೇಲೆ ಒಂದು ಕಪ್ಪು ಗೀಟು ಓರೆಯಾಗಿ ಎಳೆದುಕೊಂಡಿತು. ಇನ್ನೊಂದು. ಮತ್ತೊಂದು. ನನ್ನ ಸೆರಗು ಹೇಗೆ ಹೇಗೆ ಹೋಗಿತ್ತೋ ಹಾಗೆ ಹಾಗೆ. ಅದಕ್ಕೆ ಮೊದಲು ಏನೂ ಇರಲಿಲ್ಲ. ಮಗಳು ಇನ್ನೊಂದು ಸಲ ಹಾಕಿದಳು, ಮತ್ತೆ ಅದೇ.

"ಖಾಲಿ ಹಾಳೇನ ಇಷ್ಟೊತ್ತು ಯಾಕಮ್ಮ ಒರೆಸಿದೆ?" ಎಂದಳು. ಆಮೇಲೆ ನನ್ನ ಮುಖ ನೋಡಿ ಮೆಲ್ಲಗೆ, "ಅವತ್ತು ಊಟ ಮಾಡಿದ್ಯೇನಮ್ಮ?" ಎಂದು ಕೇಳಿದಳು.

ಮಾಡಿರಲಿಲ್ಲ ನಿಜ. ಬಿಸಿಲು, ಹಸಿವು, ಪಾಪದ ಅಳುಕು, ಇಲ್ಲದ್ದು ಕಂಡಿರಬಹುದು. ನಾನೂ ಹಾಗೇ ಅಂದುಕೊಳ್ಳಲು ಮೂರು ವರ್ಷದಿಂದ ಪ್ರಯತ್ನಪಡುತ್ತಿದ್ದೇನೆ. ಸೀರೆಗೆ ಉತ್ತರಾಣಿ ಹತ್ತಿದ್ದು ನಡೆಯುವಾಗ ಕಾಲಿಗೆ ತಾಕಿ, ತಿಳಿಯದೆಯೇ ಮನಸ್ಸಿಗೆ ಹೋಗಿರಬಹುದು. ಎಲ್ಲಕ್ಕೂ ಒಂದೊಂದು ಉತ್ತರ ಹೊಂದಿಸಬಲ್ಲೆ. ಹೊಂದದಿರುವುದು ಇಷ್ಟೇ. ಪುಟ ಖಾಲಿಯೇ ಇದ್ದಿದ್ದರೆ ಅವರು ಹಾಗೇಕೆ ನೋಡಿದರು? ಮತ್ತೆ ಆ ಟ್ಯಾಬಿನಲ್ಲಿ ಯಾಕೆ ಬರೆಯಲು ಮುಟ್ಟಲಿಲ್ಲ?

ಹೌದು, ಮುಟ್ಟಲಿಲ್ಲ. ಅದಾದ ಮೇಲೆ ಹನ್ನೊಂದು ತಿಂಗಳು ಬದುಕಿದ್ದರು. ದಿನಾ ಬೆಳಿಗ್ಗೆ ದಿಂಬಿನ ಮೇಲೆ ಟ್ಯಾಬು ಇಟ್ಟು ಹೊಸ ಪುಟ ತೆಗೆದು ಕೊಡುತ್ತಿದ್ದೆ. ಅವರು ಎಡಗೈಯಿಂದ ಅದನ್ನು ನಿಧಾನವಾಗಿ ಮಗುಚಿ ಹಾಕುತ್ತಿದ್ದರು. ಟೀ ಬೇಕೇ, ನೀರು ಬೇಕೇ, ನೋವಿದೆಯೇ ಎಂದು ನಾನು ಕೇಳಬೇಕು, ಕೇಳಿ ನಾನೇ ಊಹಿಸಬೇಕು. ಒಂದು ಸಲ ಕಾಲು ಹಿಡಿದುಕೊಂಡು ಕೇಳಿದೆ. "ರೀ, ತಪ್ಪಾಯ್ತು. ಇನ್ನೊಂದ್ಸಲ ಬರೀರಿ. ಬೈದಾದ್ರೂ ಬರೀರಿ." ಕಣ್ಣು ಮುಚ್ಚಿಕೊಂಡರು. ನಾನು ಕೈವಾರದಲ್ಲಿ ಕೇಳಿದ್ದು ಕೊನೆಗೆ ಸಿಕ್ಕಿತು. ಸಿಗುವ ಹೊತ್ತಿಗೆ ನನಗದು ಬೇಡವಾಗಿತ್ತು.

ಗೋಡೆಗೆ ಈಗ ಮಗಳು ಬಿಳಿ ಬಣ್ಣ ಹೊಡೆಸಿದ್ದಾಳೆ. ಟ್ಯಾಬು ಗೂಡಿನಲ್ಲೇ ಇದೆ. ವಾರಕ್ಕೊಮ್ಮೆ ಚಾರ್ಜಿಗೆ ಹಾಕುತ್ತೇನೆ, ತೆರೆದು ನೋಡುತ್ತೇನೆ. ಆ ಮುಳ್ಳುಪೊದೆಯ ಪುಟವೊಂದು ಇದೆ, ಅವರ ಕೆಟ್ಲು, ಫ್ಯಾನು, ಬಾಣಗಳಿವೆ. ಹೊಸದೇನೂ ಇರುವುದಿಲ್ಲ. ಅದರ ಹತ್ತಿರ ಹೋಗುವ ಮುಂಚೆ ಕೈ ಒಣಗಿಸಿಕೊಳ್ಳುವುದನ್ನು ಮಾತ್ರ ಮರೆಯುವುದಿಲ್ಲ.

ಆ ದಿನದ ಕ್ಯಾಲೆಂಡರ್ ಹಾಳೆ ಈಗ ನನ್ನ ಮುಂದಿದೆ. ಕೊನೆಯಲ್ಲಿ ಹೀಗೆ ಬರೆದಿದ್ದೇನೆ: ರಾತ್ರಿಗೆ ಷಾಹೀನ ಹಿದುಕಿಕೊಟ್ಟ ಅವರೆಬೇಳೆ ಸಾರು, ಮುದ್ದೆ. ನಾನು ಅರ್ಧ ಮುದ್ದೆ ತಿಂದೆ. ಅವರಿಗೆ ಸಾರಿನ ತಿಳಿ ಹಾಕಿ ಅನ್ನ ಕಿವುಚಿ ಕೊಟ್ಟೆ, ನಾಲ್ಕು ಚಮಚ ತಿಂದು ಬಾಯಿ ಮುಚ್ಚಿದರು. ದಿನಾ ಅವರು ಕಣ್ಣು ಮುಚ್ಚುವ ತನಕ ಕೂತಿದ್ದು ಆಮೇಲೆ ಮಲಗುತ್ತಿದ್ದೆ. ಇವತ್ತು ಅವರು ನೋಡುತ್ತಲೇ ಇದ್ದರು. ಗೋಡೆಯ ಕಡೆ ತಿರುಗಿಕೊಂಡು ನಾನೇ ಮೊದಲು ಮಲಗಿದೆ.